ಕಪ್ಪುಕುಳಿಯನ್ನು ಸುತ್ತಿ ಬರುವ ಎಸ್-2 ನಕ್ಷತ್ರ: ಒಂದು ಪ್ರಕರಣ ಅಧ್ಯಯನ

ಉತ್ತರದಿಂದಲೇ ಶುರು ಮಾಡುತ್ತೇನೆ. ಕಪ್ಪುಕುಳಿಯ (ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಎಳೆತ ಇರುವ ವಸ್ತು, ಇಂಗ್ಲಿಷಿನಲ್ಲಿ ಬ್ಲ್ಯಾಕ್ ಹೋಲ್) ಸುತ್ತ ವಸ್ತುಗಳು ಸುತ್ತಬಹುದಾ? ಸುತ್ತಬಹುದು, ಸುತ್ತುತ್ತಲೂ ಇವೆ. ನಮ್ಮ ಆಕಾಶಗಂಗೆಯ ನಟ್ಟನಡುವೆ ಎಸ್-2 ಎಂಬ ನಕ್ಷತ್ರವೊಂದು ಸುಮಾರು 16 ವರ್ಷಕ್ಕೊಮ್ಮೆ ಒಂದು ದೊಡ್ಡ ಕಪ್ಪುಕುಳಿಯನ್ನು ಸುತ್ತಿ ಬರುತ್ತದೆ. ಅದು ಹತ್ತಿರ ಹೋಗಿ, ತಿರುಗಿ, ಮತ್ತೆ ದೂರ ಬಂದದ್ದನ್ನು ಖಗೋಳ ವಿಜ್ಞಾನಿಗಳು ವರ್ಷ ವರ್ಷವೂ ಫೋಟೋ ತೆಗೆದು ದಾಖಲಿಸಿದ್ದಾರೆ.

ನಾನು ಸೋಮವಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಕ್ಲಾಸಿನಲ್ಲಿ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಬೆಳಕನ್ನೇ ಹೊರಗೆ ಬಿಡಲ್ಲ ಅಂತೀರಿ, ಮತ್ತೆ ನಕ್ಷತ್ರ ಅದರ ಹತ್ತಿರ ಹೋಗಿ ವಾಪಸ್ ಬರೋದು ಹೇಗೆ?" ಅವಳ ಹಿಂದಿನ ಬೆಂಚಿನ ಹುಡುಗ ಮೊಬೈಲಲ್ಲಿ ವಿಡಿಯೋ ನೋಡಿದ್ದ. ಸೂರ್ಯ ಕಪ್ಪುಕುಳಿ ಆದರೆ ಭೂಮಿಯನ್ನು ಸೀದಾ ಎಳೆದುಕೊಂಡು ಬಿಡುತ್ತದೆ ಅಂತ ಅದರಲ್ಲಿ ತೋರಿಸಿದ್ದರಂತೆ. ಎರಡೂ ಒಂದೇ ಗೊಂದಲದಿಂದ ಹುಟ್ಟಿದ ಮಾತು. ಕಪ್ಪುಕುಳಿ ಅಂದ ಕೂಡಲೇ ಸುತ್ತಲಿನದ್ದನ್ನೆಲ್ಲ ಹೀರುವ ಯಂತ್ರ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ, ಅಲ್ವಾ? ಇದನ್ನು ಬಿಡಿಸೋಕೆ ಒಂದೇ ಒಂದು ಪ್ರಕರಣ ಹಿಡಿದು ಕೊನೆಯ ತನಕ ನೋಡೋಣ ಅಂತ ಎಸ್-2 ತೆಗೆದುಕೊಂಡೆ. ಬೇರೆ ಮೇಷ್ಟ್ರು ಟೀಚರುಗಳಿಗೂ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಜಾಗ ಎಲ್ಲಿ?

ಈ ಕಪ್ಪುಕುಳಿಯ ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. ಧನು ರಾಶಿಯ ದಿಕ್ಕಿನಲ್ಲಿದೆ, ನಮ್ಮಿಂದ ಸುಮಾರು 27,000 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಧನು ರಾಶಿ ಸಂಜೆ ಹೊತ್ತು ಮೇಲಿರುವುದು ಮಳೆಗಾಲದಲ್ಲಿ. ಆಗ ಕೊಡಗಿನಲ್ಲಿ ಆಕಾಶವೇ ಕಾಣುವುದಿಲ್ಲ, ಇನ್ನು ನಕ್ಷತ್ರದ ಮಾತೆಲ್ಲಿ! ಹಾಗಾಗಿ ನಮಗೆ ಒಳ್ಳೆಯ ಸಮಯ ಅಂದರೆ ಮಾರ್ಚ್ ಕೊನೆ, ಬೆಳಗಿನ ಜಾವ 5 ಗಂಟೆ ಹೊತ್ತು. ತೋಟದಲ್ಲಿ ಕಾಫಿ ಹೂ ಬಿಡುವ ಕಾಲ ಅದು. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ದಿಗಂತದಿಂದ ಹೆಚ್ಚುಕಡಿಮೆ ಅರ್ಧ ಆಕಾಶದಷ್ಟು ಮೇಲೆ ವೃಶ್ಚಿಕದ ಬಾಲ ಕಾಣುತ್ತದೆ. ಆ ಬಾಲದ ತುದಿಯೇ ನಮ್ಮ ಪಂಚಾಂಗದ ಮೂಲಾ ನಕ್ಷತ್ರ. ಅದರ ಎಡಕ್ಕೆ ಪೂರ್ವಾಷಾಢ. ಇವೆರಡರ ನಡುವೆ, ಸ್ವಲ್ಪ ಮೇಲೆ, ಹಾಲು ಚೆಲ್ಲಿದ ಹಾಗೆ ಆಕಾಶಗಂಗೆ ದಪ್ಪಗೆ ಕಾಣುವ ಜಾಗದಲ್ಲಿ ನಮ್ಮ ಗ್ಯಾಲಕ್ಸಿಯ ನಡು ಇದೆ. ಕರೆಂಟ್ ಹೋಗಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮಕ್ಕಳಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದೇನೆ: ಮನೆಯ ತಾರಸಿ ಅಥವಾ ಅಂಗಳದಿಂದಲೇ ನೋಡಿ, ಆ ಹೊತ್ತಿನಲ್ಲಿ ಆನೆ ಓಡಾಡುತ್ತವೆ, ತೋಟದೊಳಗೆ ಯಾರೂ ಇಳಿಯಬಾರದು.

ಆ ದಿಕ್ಕು ಕಾಣುತ್ತದೆ, ಆದರೆ ಎಸ್-2 ಬರಿಗಣ್ಣಿಗೆ ಕಾಣುವುದಿಲ್ಲ. ಮಾಮೂಲಿ ದೂರದರ್ಶಕಕ್ಕೂ ಕಾಣುವುದಿಲ್ಲ. ನಡುವೆ ಅಷ್ಟು ಧೂಳಿದೆ. ಕಣ್ಣಿಗೆ ಕಾಣುವ ಬೆಳಕಾದರೆ, ಅಲ್ಲಿಂದ ಹೊರಟ ಲಕ್ಷ ಕೋಟಿ ಕಣಗಳಲ್ಲಿ ಒಂದು ಮಾತ್ರ ನಮ್ಮ ತನಕ ಬರುತ್ತದೆ. ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಮಾತ್ರ ಆ ಧೂಳನ್ನು ದಾಟಿ ಸಾಕಷ್ಟು ಬರುತ್ತದೆ. ಆ ಬೆಳಕಿನಲ್ಲಿ 1990ರ ದಶಕದಿಂದ ಎರಡು ತಂಡಗಳು ಅದೇ ಚಿಕ್ಕ ಜಾಗವನ್ನು ನೋಡುತ್ತಾ ಕೂತವು. ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ ಚಿಲಿ ದೇಶದಿಂದ, ಆಂಡ್ರಿಯಾ ಗೆಜ್ ಅವರ ತಂಡ ಹವಾಯಿಯ ಕೆಕ್ ದೂರದರ್ಶಕದಿಂದ. ಎರಡು ತಂಡ, ಬೇರೆ ಬೇರೆ ದೂರದರ್ಶಕ, ಪೈಪೋಟಿಯೂ ಇತ್ತು, ಆದರೆ ಬಂದ ಉತ್ತರ ಒಂದೇ. ನನಗೆ ಈ ಪ್ರಕರಣದ ಮೇಲೆ ಇಷ್ಟೊಂದು ನಂಬಿಕೆ ಬರಲು ಅದೇ ಮುಖ್ಯ ಕಾರಣ.

ಬೋರ್ಡಿನ ಮೇಲೆ ತೂಗಿದ್ದು

ಅವರು ಕಂಡದ್ದು ಇಷ್ಟು. ನಡುವೆ ಏನೂ ಹೊಳೆಯದ ಒಂದು ಬಿಂದು. ಅದರ ಸುತ್ತ ಹತ್ತಾರು ನಕ್ಷತ್ರಗಳು ಉದ್ದುದ್ದ ಮೊಟ್ಟೆಯಾಕಾರದ ದಾರಿಗಳಲ್ಲಿ ಓಡುತ್ತಿವೆ. ಎಸ್-2 ಅವುಗಳಲ್ಲಿ ಒಂದು. ಸೂರ್ಯನಿಗಿಂತ ಹತ್ತು ಪಟ್ಟಿಗೂ ಜಾಸ್ತಿ ತೂಕದ, ನೀಲಿಬಿಳಿ ಬಣ್ಣದ ಬಿಸಿ ನಕ್ಷತ್ರ. ಸುತ್ತು ಮುಗಿಸಲು ಅದಕ್ಕೆ ಬೇಕಾಗುವುದು 16.05 ವರ್ಷ. ಆ ಮೊಟ್ಟೆಯಾಕಾರದ ಕಕ್ಷೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ಉದ್ದದ ಅರ್ಧವನ್ನು ಭೂಮಿಗೂ ಸೂರ್ಯನಿಗೂ ಇರುವ ದೂರದಿಂದ ಅಳೆದರೆ ಸುಮಾರು 1,035 ಪಟ್ಟು.

ಈ ಎರಡು ಸಂಖ್ಯೆ ಸಾಕು. ಕೆಪ್ಲರನ ಮೂರನೇ ನಿಯಮ, ಅಂದರೆ ಕಕ್ಷೆಯ ಅಳತೆಗೂ ಸುತ್ತುವ ಕಾಲಕ್ಕೂ ಇರುವ ನಂಟು, ಗೊತ್ತಿದ್ದರೆ ನಡುವಿನ ವಸ್ತುವಿನ ತೂಕ ಹೈಸ್ಕೂಲ್ ಮಕ್ಕಳೇ ಕಂಡುಹಿಡಿಯಬಹುದು. 1,035ರ ಘನ (1,035 × 1,035 × 1,035) ತೆಗೆದು, 16.05ರ ವರ್ಗ (16.05 × 16.05) ತೆಗೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮೇಲೆ ಸುಮಾರು 110.9 ಕೋಟಿ, ಕೆಳಗೆ ಸುಮಾರು 257.6. ಭಾಗಿಸಿದರೆ 43 ಲಕ್ಷ. ಅಂದರೆ ಆ ಕಾಣದ ಬಿಂದುವಿನಲ್ಲಿ 43 ಲಕ್ಷ ಸೂರ್ಯರಷ್ಟು ತೂಕ ಇದೆ! ಬೋರ್ಡಿನ ಮೇಲೆ ಈ ಉತ್ತರ ಬಂದಾಗ ಮಕ್ಕಳ ಮುಖ ನೋಡಬೇಕಿತ್ತು. ನೊಬೆಲ್ ಸಿಕ್ಕಿದ ಕೆಲಸದ ಮುಖ್ಯ ಸಂಖ್ಯೆಯನ್ನು ಅವರ ಕೈಯಾರೆ ತೆಗೆದಿದ್ದರು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ನಾವು ಬಳಸಿದ ನಿಯಮ ಕಪ್ಪುಕುಳಿಗಾಗಿ ಮಾಡಿದ್ದಲ್ಲ. ಗುರು, ಶನಿ, ಮಂಗಳ ಸೂರ್ಯನನ್ನು ಹೇಗೆ ಸುತ್ತುತ್ತವೆ ಅಂತ ನೋಡಿ ನಾನೂರು ವರ್ಷಗಳ ಹಿಂದೆ ಮಾಡಿದ್ದು. ಅದೇ ನಿಯಮ ಇಲ್ಲೂ ನಡೆಯುತ್ತದೆ. ಯಾಕೆಂದರೆ ದೂರದಲ್ಲಿರುವ ನಕ್ಷತ್ರಕ್ಕೆ ನಡುವೆ ಇರುವುದು ಕಪ್ಪುಕುಳಿಯೋ, ಬೆಂಕಿ ಉಂಡೆಯೋ, ಕಲ್ಲೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಎಷ್ಟು ತೂಕ, ಎಷ್ಟು ದೂರ, ಇವೆರಡೇ.

ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಸೂರ್ಯನನ್ನು ಒತ್ತಿ ಒತ್ತಿ 3 ಕಿ.ಮೀ. ತ್ರಿಜ್ಯದ ಕಪ್ಪುಕುಳಿ ಮಾಡಿದಿರಿ ಅಂತ ಇಟ್ಟುಕೊಳ್ಳಿ. ತೂಕ ಅಷ್ಟೇ, ದೂರ ಅದೇ 15 ಕೋಟಿ ಕಿ.ಮೀ. ಭೂಮಿ ಅದೇ ದಾರಿಯಲ್ಲಿ, ಸೆಕೆಂಡಿಗೆ ಅದೇ 30 ಕಿ.ಮೀ. ವೇಗದಲ್ಲಿ, ವರ್ಷಕ್ಕೆ ಅದೇ 365 ದಿನ ಸುತ್ತುತ್ತದೆ. ಬಿಸಿಲಿಲ್ಲದೆ ನಾವು ಹೆಪ್ಪುಗಟ್ಟುತ್ತೇವೆ, ಅದು ನಿಜ. ಆದರೆ ಒಳಗೆ ಬೀಳುವುದಿಲ್ಲ. (ನಮ್ಮ ಸೂರ್ಯನಿಗೆ ಕಪ್ಪುಕುಳಿ ಆಗುವಷ್ಟು ತೂಕವೂ ಇಲ್ಲ, ಆ ಭಯ ಬೇಡ.)

ಹಾಗಾದರೆ ಬೀಳುವುದಿಲ್ಲ ಯಾಕೆ?

ಆ ಹುಡುಗಿಗೆ ಇಷ್ಟಕ್ಕೆ ಸಮಾಧಾನ ಆಗಲಿಲ್ಲ. "ಲೆಕ್ಕ ಸರಿ ಟೀಚರ್, ಆದ್ರೆ 43 ಲಕ್ಷ ಸೂರ್ಯ ಎಳೀತಾ ಇದ್ರೂ ಅದು ತಪ್ಪಿಸಿಕೊಳ್ಳೋದು ಹೇಗೆ?" ಅಂದಳು. ಕೇಳಬೇಕಾದದ್ದೇ.

ನ್ಯೂಟನ್ ಬೆಟ್ಟದ ಮೇಲೆ ಒಂದು ತೋಪು ಇಟ್ಟು ಯೋಚನೆ ಮಾಡಿದ್ದ. ನಾವು ಅದನ್ನು ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟದ ಮೇಲೆ ಇಟ್ಟೆವು, ತೋಪಿನ ಬದಲು ಕೋವಿ. ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1,748 ಮೀಟರ್ ಎತ್ತರದಿಂದ ಅಡ್ಡಕ್ಕೆ ಗುಂಡು ಹೊಡೆದರೆ ಒಳ್ಳೆಯ ರೈಫಲ್ಲಿನಲ್ಲಿ ಅದು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟು, ಬಾಗಿ, ಎಲ್ಲೋ ಕೇರಳದ ಕಡೆ ಬೀಳಬಹುದು. ವೇಗ ಹೆಚ್ಚಿಸುತ್ತಾ ಹೋಗಿ. ಗಾಳಿ ಇಲ್ಲ ಅಂದುಕೊಳ್ಳಿ. ಸೆಕೆಂಡಿಗೆ 7.9 ಕಿ.ಮೀ. ಆದಾಗ ಗುಂಡು ಬೀಳುತ್ತಲೇ ಇರುತ್ತದೆ, ಆದರೆ ಅದು ಬಿದ್ದಷ್ಟೇ ನೆಲವೂ ಬಾಗಿಕೊಂಡು ಹೋಗುವುದರಿಂದ ಎಂದೂ ನೆಲ ಮುಟ್ಟುವುದಿಲ್ಲ. ಅದೇ ಕಕ್ಷೆ. ಎಳೆತದಿಂದ ತಪ್ಪಿಸಿಕೊಂಡಿಲ್ಲ, ಎಳೆತ ಪೂರ್ತಿ ಇದೆ. ಅಡ್ಡ ವೇಗ ಇರುವುದರಿಂದ ಗುರಿ ತಪ್ಪುತ್ತಾ ಇದೆ, ಅಷ್ಟೇ.

ಎಸ್-2 ಮಾಡುವುದೂ ಇದನ್ನೇ. ದೂರದ ತುದಿಯಲ್ಲಿ ಅದರ ವೇಗ ಸೆಕೆಂಡಿಗೆ 500 ಕಿ.ಮೀ.ಗಿಂತ ಕಡಿಮೆ. ಕಪ್ಪುಕುಳಿಯ ಕಡೆ ಬೀಳುತ್ತಾ ಬೀಳುತ್ತಾ ವೇಗ ಏರುತ್ತದೆ, ಹತ್ತಿರದ ತುದಿಯಲ್ಲಿ ಸೆಕೆಂಡಿಗೆ ಸುಮಾರು 7,700 ಕಿ.ಮೀ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ವಾಪಸ್ ಬಂದರೂ ಆ ಒಂದು ಸೆಕೆಂಡಿನಲ್ಲಿ ಇನ್ನೂ ಸಮಯ ಉಳಿಯುತ್ತದೆ. ಆ ವೇಗವೇ ಅದನ್ನು ಮತ್ತೆ ದೂರಕ್ಕೆ ಒಯ್ಯುತ್ತದೆ. ಒಳಗೆ ಬೀಳಬೇಕಾದರೆ ಈ ಅಡ್ಡ ವೇಗವನ್ನು ಎಲ್ಲಾದರೂ ಕಳೆದುಕೊಳ್ಳಬೇಕು. ಖಾಲಿ ಜಾಗದಲ್ಲಿ ಕಳೆದುಕೊಳ್ಳುವುದು ಎಲ್ಲಿ? ತಡೆಯುವವರು ಯಾರೂ ಇಲ್ಲ. ಕಪ್ಪುಕುಳಿಗೆ ಬೀಳುವುದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಕ್ಷತ್ರವೊಂದಕ್ಕೆ ಅದರೊಳಗೆ ಬೀಳುವುದೇ ಕಷ್ಟ.

2018ರ ಮೇ 19

ಆ ದಿನ ಎಸ್-2 ಕಪ್ಪುಕುಳಿಗೆ ಅತಿ ಹತ್ತಿರ ಬಂತು. ಅದಕ್ಕೂ ಮುಂಚೆ 2002ರಲ್ಲಿ ಬಂದಿತ್ತು, ಆಗಲೂ ನೋಡಿದ್ದರು. ಆದರೆ 2018ರ ಹೊತ್ತಿಗೆ ಚಿಲಿಯ ಪರನಾಲ್ ಬೆಟ್ಟದ ಮೇಲಿನ 8 ಮೀಟರ್‌ನ ನಾಲ್ಕು ದೂರದರ್ಶಕಗಳ ಬೆಳಕನ್ನು ಒಟ್ಟು ಸೇರಿಸಿ ನೋಡುವ ಗ್ರಾವಿಟಿ ಎಂಬ ಉಪಕರಣ ತಯಾರಾಗಿತ್ತು. ಅತಿ ಹತ್ತಿರ ಅಂದರೆ ಎಷ್ಟು? ಭೂಮಿ–ಸೂರ್ಯರ ದೂರದ 120 ಪಟ್ಟು, ನೆಪ್ಚೂನ್ ಗ್ರಹದ ದೂರದ ನಾಲ್ಕು ಪಟ್ಟು. ಕಪ್ಪುಕುಳಿಯ ಘಟನಾ ದಿಗಂತ, ಅಂದರೆ ದಾಟಿದರೆ ಬೆಳಕೂ ವಾಪಸ್ ಬಾರದ ಗೆರೆ, ಇರುವುದು ನಡುವಿನಿಂದ ಸುಮಾರು 1.27 ಕೋಟಿ ಕಿ.ಮೀ. ದೂರದಲ್ಲಿ. ಎಸ್-2 ಹಾದುಹೋದದ್ದು ಅದರ ಸುಮಾರು 1,400 ಪಟ್ಟು ದೂರದಲ್ಲಿ. ಹುಡುಗಿಯ ಮೊದಲ ಪ್ರಶ್ನೆಗೆ ಇದೇ ನೇರ ಉತ್ತರ: ಬೆಳಕು ಸಿಕ್ಕಿಹಾಕಿಕೊಳ್ಳುವ ಗೆರೆಯ ಹತ್ತಿರಕ್ಕೂ ಈ ನಕ್ಷತ್ರ ಹೋಗುವುದಿಲ್ಲ.

ಅಷ್ಟು ದೂರ ಇದ್ದರೂ ಅಲ್ಲಿನ ಗುರುತ್ವ ಬರೀ ನ್ಯೂಟನ್ ಲೆಕ್ಕಕ್ಕೆ ಪೂರ್ತಿ ಸಿಗಲಿಲ್ಲ. ನಕ್ಷತ್ರದ ಬೆಳಕು ಆ ಎಳೆತದಿಂದ ಮೇಲೆ ಹತ್ತಿ ಬರುವಾಗ ಸ್ವಲ್ಪ ಕೆಂಪಿನ ಕಡೆ ಸರಿಯಿತು. ಅಷ್ಟು ವೇಗದಲ್ಲಿ ಓಡುವ ವಸ್ತುವಿನ ಸಮಯ ನಿಧಾನ ಆಗುವುದೂ ಅದಕ್ಕೆ ಸೇರಿತು. ಎರಡೂ ಕೂಡಿ ಸೆಕೆಂಡಿಗೆ 200 ಕಿ.ಮೀ. ವೇಗಕ್ಕೆ ಸಮನಾದ ಬದಲಾವಣೆ, ಐನ್‌ಸ್ಟೈನ್ ಲೆಕ್ಕ ಹೇಳಿದ ಹಾಗೇ. 2018ರ ಜುಲೈನಲ್ಲಿ ಇದನ್ನು ಪ್ರಕಟಿಸಿದರು.

2020ರಲ್ಲಿ ಇನ್ನೊಂದು ಬಂತು, ನನಗೆ ಅದು ಇನ್ನೂ ಇಷ್ಟ. ನ್ಯೂಟನ್ ಪ್ರಕಾರ ಒಂಟಿ ನಕ್ಷತ್ರ ಒಂದು ಬಿಂದುವನ್ನು ಸುತ್ತಿದರೆ ಅದೇ ಮೊಟ್ಟೆಯಾಕಾರವನ್ನು ಮತ್ತೆ ಮತ್ತೆ ಬರೆಯಬೇಕು. ಐನ್‌ಸ್ಟೈನ್ ಪ್ರಕಾರ ಪ್ರತಿ ಸುತ್ತಿಗೂ ಆ ಮೊಟ್ಟೆಯೇ ಸ್ವಲ್ಪ ತಿರುಗಬೇಕು. ಎಸ್-2ರ ಕಕ್ಷೆ ಒಂದು ಸುತ್ತಿಗೆ ಡಿಗ್ರಿಯ ಐದನೇ ಒಂದು ಭಾಗದಷ್ಟು ತಿರುಗುತ್ತದೆ. ಹೀಗೇ ಹೋದರೆ ಕಕ್ಷೆ ಪೂರ್ತಿ ಒಂದು ಸಲ ತಿರುಗಿ ಬರಲು 1,800 ಸುತ್ತು ಬೇಕು, ಸುಮಾರು 29,000 ವರ್ಷ. ಬುಧ ಗ್ರಹದ ಕಕ್ಷೆಯಲ್ಲೂ ಇದೇ ತಿರುಗುವಿಕೆ ಇದೆ, ಆದರೆ ತೀರಾ ಕಡಿಮೆ. 1915ರಲ್ಲಿ ಐನ್‌ಸ್ಟೈನ್ ತನ್ನ ಸಿದ್ಧಾಂತ ಸರಿ ಅಂತ ತೋರಿಸಿದ್ದು ಬುಧನಿಂದಲೇ. ಇನ್ನೊಂದು ವಿಷಯ: ನಡುವಿನ ತೂಕ ಒಂದೇ ಕಡೆ ಇರದೆ ಅಲ್ಲಲ್ಲಿ ಹರಡಿದ್ದರೆ ಕಕ್ಷೆ ಹಿಂದಕ್ಕೆ ತಿರುಗಬೇಕಿತ್ತು. ತಿರುಗಿದ್ದು ಮುಂದಕ್ಕೆ. ಅಂದರೆ ಆ 43 ಲಕ್ಷದಲ್ಲಿ ಹೆಚ್ಚುಕಡಿಮೆ ಎಲ್ಲವೂ ನಡುವೆಯೇ ಇದೆ.

ಅದೇ ವರ್ಷ ಗೆಂಜೆಲ್, ಗೆಜ್ ಇಬ್ಬರಿಗೂ ರೋಜರ್ ಪೆನ್‌ರೋಸ್ ಜೊತೆ ಭೌತವಿಜ್ಞಾನದ ನೊಬೆಲ್ ಬಂತು. ಇವರಿಬ್ಬರ ಪಾಲಿನ ಪ್ರಶಸ್ತಿಯ ಒಕ್ಕಣೆಯಲ್ಲಿ ಕಪ್ಪುಕುಳಿ ಅಂತ ಬರೆಯಲೇ ಇಲ್ಲ, ಭಾರೀ ತೂಕದ ಅಡಕವಾದ ವಸ್ತು ಅಂತ ಬರೆದರು. ನಕ್ಷತ್ರದ ಕಕ್ಷೆ ಹೇಳುವುದು ತೂಕವನ್ನೂ ಅದು ಎಷ್ಟು ಜಾಗದಲ್ಲಿದೆ ಅನ್ನುವುದನ್ನೂ ಮಾತ್ರ, ಅದಕ್ಕಿಂತ ಜಾಸ್ತಿ ಹೇಳಬಾರದು ಅನ್ನುವ ಆ ಎಚ್ಚರಿಕೆ ನನಗೆ ತುಂಬಾ ಹಿಡಿಸಿತು. ಎರಡು ವರ್ಷದ ನಂತರ, 2022ರ ಮೇ 12ರಂದು, ಬೇರೆ ಬೇರೆ ದೇಶಗಳ ರೇಡಿಯೋ ದೂರದರ್ಶಕಗಳನ್ನು ಒಟ್ಟಿಗೆ ಬಳಸುವ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ ಅದೇ ಜಾಗದ ಚಿತ್ರ ಕೊಟ್ಟಿತು. ಹೊಳೆಯುವ ಒಂದು ಬಳೆ, ನಡುವೆ ಕತ್ತಲು. ಇಡೀ ಬಳೆ ಬುಧ ಗ್ರಹದ ಕಕ್ಷೆಯೊಳಗೆ ಹಿಡಿಸುತ್ತದೆ.

ನುಂಗುವುದು ಎಲ್ಲಿಂದ ಶುರು?

ಹಾಗಂತ ಎಷ್ಟು ಹತ್ತಿರ ಹೋದರೂ ಸುತ್ತಬಹುದು ಅಂತಲ್ಲ. ವಿಡಿಯೋ ಮಾಡುವವರ ಮಾತಿನಲ್ಲೂ ಒಂದು ಎಳೆ ನಿಜ ಇದೆ, ಅದು ಎಲ್ಲಿ ಅನ್ವಯಿಸುತ್ತದೆ ಅಂತ ಅವರು ಹೇಳುವುದಿಲ್ಲ, ಅಷ್ಟೇ.

ತನ್ನ ಸುತ್ತ ತಾನು ತಿರುಗದ ಕಪ್ಪುಕುಳಿಯಾದರೆ, ಘಟನಾ ದಿಗಂತದ ತ್ರಿಜ್ಯದ ಮೂರು ಪಟ್ಟು ದೂರ ಅಥವಾ ಅದಕ್ಕಿಂತ ಆಚೆ ಮಾತ್ರ ಸ್ಥಿರವಾಗಿ ದುಂಡಗೆ ಸುತ್ತಲು ಸಾಧ್ಯ. ನಮ್ಮ ಪ್ರಕರಣದಲ್ಲಿ ಅದು ನಡುವಿನಿಂದ ಸುಮಾರು 3.8 ಕೋಟಿ ಕಿ.ಮೀ. ಅದಕ್ಕಿಂತ ಒಳಗೆ ಎಷ್ಟೇ ಸರಿಯಾದ ವೇಗ ಕೊಟ್ಟರೂ ಕಕ್ಷೆ ನಿಲ್ಲುವುದಿಲ್ಲ. ಚೂರು ಅಲುಗಾಡಿದರೆ ಸಾಕು, ಸುರುಳಿ ಸುತ್ತುತ್ತಾ ಒಳಗೆ. ಒಂದೂವರೆ ಪಟ್ಟು ದೂರದಲ್ಲಿ ಬೆಳಕೇ ದುಂಡಗೆ ಸುತ್ತಬಹುದು, ಆದರೆ ಅದೂ ಅಸ್ಥಿರ. ಅಲ್ಲಿಂದ ಒಳಗೆ ರಾಕೆಟ್ ಇಲ್ಲದೆ ಯಾವುದೂ ಸುತ್ತುವಂತಿಲ್ಲ. ಕಪ್ಪುಕುಳಿ ತಿರುಗುತ್ತಿದ್ದರೆ ಈ ಗೆರೆಗಳು ಹಿಂದೆ ಮುಂದೆ ಆಗುತ್ತವೆ, ಕ್ಲಾಸಿನಲ್ಲಿ ನಾನು ಆ ಲೆಕ್ಕಕ್ಕೆ ಹೋಗಲಿಲ್ಲ.

ಇದು ಬರೀ ಕಾಗದದ ಮೇಲಿನ ಮಾತಲ್ಲ. 2018ರಲ್ಲಿ ಗ್ರಾವಿಟಿ ತಂಡ ಅದೇ ಕಪ್ಪುಕುಳಿಯ ಪಕ್ಕದಲ್ಲಿ ಬಿಸಿ ಅನಿಲದ ಹೊಳಪುಗಳು ಸುತ್ತುವುದನ್ನು ಕಂಡಿತು. ದಿಗಂತದ ತ್ರಿಜ್ಯದ ಮೂರರಿಂದ ಐದು ಪಟ್ಟು ದೂರ, ಬೆಳಕಿನ ವೇಗದ ಸುಮಾರು 30 ಶೇಕಡಾ, ಒಂದು ಸುತ್ತಿಗೆ ಮುಕ್ಕಾಲು ಗಂಟೆ ಆಸುಪಾಸು. ಎಸ್-2ಗೆ 16 ವರ್ಷ, ಇದಕ್ಕೆ ಮುಕ್ಕಾಲು ಗಂಟೆ! ಮಡಿಕೇರಿಯಿಂದ ಬಸ್ಸಲ್ಲಿ ಸೋಮವಾರಪೇಟೆ ತಲುಪುವುದರೊಳಗೆ ಒಂದು ಸುತ್ತು ಮುಗಿದಿರುತ್ತದೆ.

ಅನಿಲಕ್ಕೆ ಒಳಗೆ ಬೀಳುವ ದಾರಿ ಇದೆ, ನಕ್ಷತ್ರಕ್ಕಿಲ್ಲ. ಅನಿಲದ ಒಂದು ಪದರ ಇನ್ನೊಂದಕ್ಕೆ ಉಜ್ಜುತ್ತದೆ, ಬಿಸಿಯಾಗುತ್ತದೆ, ಹೊಳೆಯುತ್ತದೆ, ಅಡ್ಡ ವೇಗ ಹೊರಗಿನ ಪದರಗಳಿಗೆ ದಾಟುತ್ತದೆ, ಒಳಗಿನದು ಸರಿಯುತ್ತಾ ಹೋಗುತ್ತದೆ. ನಮ್ಮ ಗ್ಯಾಲಕ್ಸಿಯ ಕಪ್ಪುಕುಳಿಗೆ ಈಗ ಅಂಥ ಅನಿಲ ಸಿಗುತ್ತಿರುವುದು ತುಂಬಾ ಕಡಿಮೆ, ಅದಕ್ಕೇ ಇಷ್ಟು ಮಂಕಾಗಿದೆ. ಇನ್ನು ಸೂರ್ಯನಂಥ ನಕ್ಷತ್ರ ಯಾವುದೋ ಕಾರಣಕ್ಕೆ ದಾರಿ ತಪ್ಪಿ 11 ಕೋಟಿ ಕಿ.ಮೀ. ಹತ್ತಿರಕ್ಕೆ ಹೋದರೆ, ಹತ್ತಿರದ ಬದಿಯ ಎಳೆತ ದೂರದ ಬದಿಗಿಂತ ಅಷ್ಟು ಜಾಸ್ತಿ ಆಗಿ, ದಿಗಂತ ಮುಟ್ಟುವ ಮೊದಲೇ ಹರಿದು ಹೋಗುತ್ತದೆ.

ಕಕ್ಷೆ ಪೂರ್ತಿ ಕುಸಿಯುವುದೂ ಉಂಟು, ಎರಡು ಕಪ್ಪುಕುಳಿಗಳು ಒಂದನ್ನೊಂದು ಹತ್ತಿರದಿಂದ ಸುತ್ತಿದಾಗ. ಗುರುತ್ವದ ಅಲೆಗಳಾಗಿ ಶಕ್ತಿ ಹೊರಗೆ ಹೋಗುತ್ತದೆ, ದಾರಿ ಕಿರಿದಾಗುತ್ತದೆ, ಕೊನೆಗೆ ಸೇರಿ ಒಂದಾಗುತ್ತವೆ. 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿ ಸಿಕ್ಕ ಅಲೆ ಅಂಥದ್ದೇ. ಸೇರಿದ ಮೇಲೆ ಹೊಸ ಕಪ್ಪುಕುಳಿ ಗಂಟೆಯ ಹಾಗೆ ಕ್ಷಣಕಾಲ ಕಂಪಿಸಿ ಸುಮ್ಮನಾಗುತ್ತದೆ ಅನ್ನುವ ಲೆಕ್ಕವನ್ನು 1970ರಲ್ಲೇ ಮಾಡಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ನೆಹರು ತಾರಾಲಯ ಕಟ್ಟಿ ಬೆಳೆಸಿದವರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಕೊನೆಗೆ ಒಬ್ಬ ಕೇಳಿದ: "ಹಾಗಾದ್ರೆ ನಮ್ಮ ಸೂರ್ಯನೂ ಆ ಕಪ್ಪುಕುಳಿಯನ್ನೇ ಸುತ್ತುತ್ತಾ ಇದ್ದಾನಾ?" ಸುಮಾರು 23 ಕೋಟಿ ವರ್ಷಕ್ಕೊಮ್ಮೆ ಸೂರ್ಯ ಗ್ಯಾಲಕ್ಸಿಯ ನಡುವನ್ನು ಸುತ್ತುವುದು ನಿಜ. ಆದರೆ ಅವನನ್ನು ಹಿಡಿದಿಟ್ಟಿರುವುದು ಆ ಕಪ್ಪುಕುಳಿ ಅಲ್ಲ. ನಮ್ಮ ದಾರಿಯ ಒಳಗೆ ಬರುವ ನಕ್ಷತ್ರ, ಅನಿಲ, ಕಾಣದ ದ್ರವ್ಯ ಎಲ್ಲ ಸೇರಿದರೆ ಹತ್ತು ಸಾವಿರ ಕೋಟಿ ಸೂರ್ಯರ ಆಸುಪಾಸಿನ ತೂಕ. ಅದರ ಮುಂದೆ 43 ಲಕ್ಷ ಏನೂ ಅಲ್ಲ. ನಾಳೆ ಕಪ್ಪುಕುಳಿ ಮಾಯವಾದರೂ ಸೂರ್ಯನ ದಾರಿಗೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಎಸ್-2 ಮಾತ್ರ ಹಿಡಿತ ತಪ್ಪಿ ಹೊರಟು ಹೋಗುತ್ತದೆ.

ಮನೆಗೆಲಸಕ್ಕೆ ಕಪ್ಪುಕುಳಿ–ನಕ್ಷತ್ರದ ಇನ್ನೊಂದು ಜೋಡಿ ಕೊಟ್ಟೆ. ಗಾಯಾ ಬಿಎಚ್1, 2022ರಲ್ಲಿ ಪತ್ತೆಯಾದದ್ದು, ಸುಮಾರು 1,560 ಜ್ಯೋತಿರ್ವರ್ಷ ದೂರ, ನಮಗೆ ಗೊತ್ತಿರುವುದರಲ್ಲಿ ಅತಿ ಹತ್ತಿರದ ಕಪ್ಪುಕುಳಿ. ಸೂರ್ಯನಂಥದ್ದೇ ಒಂದು ನಕ್ಷತ್ರ ಅದರ ಜೊತೆ 185.6 ದಿನಕ್ಕೊಮ್ಮೆ ಸುತ್ತುತ್ತದೆ. ಎರಡರ ನಡುವಿನ ಸರಾಸರಿ ದೂರ ಭೂಮಿ–ಸೂರ್ಯರ ದೂರದ 1.4 ಪಟ್ಟು. ದಿನಗಳನ್ನು ವರ್ಷ ಮಾಡಿ, ಅದೇ ಭಾಗಾಕಾರ ಮಾಡಿ ಅಂದೆ. ಮರುದಿನ ಆ ಹುಡುಗಿಯ ಪುಸ್ತಕದಲ್ಲಿ 10.6 ಅಂತ ಬಂದಿತ್ತು, ಅದು ಎರಡರ ಒಟ್ಟು ತೂಕ. ಅದರಲ್ಲಿ ನಕ್ಷತ್ರದ ಪಾಲು 0.93 ಕಳೆದು, ಕಪ್ಪುಕುಳಿಗೆ ಸುಮಾರು 9.7 ಸೂರ್ಯರ ತೂಕ ಅಂತ ಕೆಳಗೆ ಗೆರೆ ಎಳೆದಿದ್ದಳು. ಕಂಡುಹಿಡಿದವರು ಹೇಳಿದ್ದು 9.6.